ನಾಲ್ಕು ವಿಶಲ್ ಅಂದರೆ ಎಷ್ಟು ಹೊತ್ತು? ಬೇರೆಯವರ ರೆಸಿಪಿ ನಮ್ಮನೇಲಿ ಕೈಕೊಡುವುದು ಯಾಕೆ

ಪ್ರಶ್ನೆ: ನಮ್ಮದು ದಾವಣಗೆರೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಹೊಸ ಅಡುಗೆ ಮಾಡಿ ನೋಡುವ ಹುಚ್ಚು ನನಗೆ. ಪುಸ್ತಕದಲ್ಲಿ ಕಂಡದ್ದು, ವಿಡಿಯೊದಲ್ಲಿ ನೋಡಿದ್ದು, ಗೆಳತಿಯರು ಹೇಳಿದ್ದು ಎಲ್ಲಾ ಬರೆದಿಟ್ಟುಕೊಳ್ಳುತ್ತೇನೆ. ಹೇಳಿದ ಅಳತೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಆದರೂ ಅವರ ಹಾಗೆ ಬರಲ್ಲ. ಉಡುಪಿಯ ಗೆಳತಿ ಹೇಳಿದಂತೆ ಸಾಂಬಾರಿಗೆ ಹನ್ನೆರಡು ಒಣಮೆಣಸಿನಕಾಯಿ ಹಾಕಿದೆ, ಮಕ್ಕಳು ಬಾಯಿಗೆ ಇಡಲಿಲ್ಲ. ವಿಡಿಯೊದಲ್ಲಿ ತೊಗರಿಬೇಳೆಗೆ ನಾಲ್ಕು ವಿಶಲ್ ಅಂದರು, ನಮ್ಮಲ್ಲಿ ಬೇಳೆ ಹಾಗೇ ಕಾಳುಕಾಳು. ಮೈಸೂರು ಪಾಕ್ ಒಂದು ಸಲ ಕಲ್ಲು, ಇನ್ನೊಂದು ಸಲ ಹಲ್ವ. ‘ನಮ್ಮ ಅಡುಗೆ ನಮಗೆ ಸಾಕು, ಸುಮ್ನೆ ಸಾಮಾನು ದಂಡ’ ಅನ್ನುತ್ತಾರೆ ಅತ್ತೆ. ರೆಸಿಪಿ ಹೇಗಿದೆಯೋ ಹಾಗೇ ಮಾಡಬೇಕಾ? ಇಲ್ಲ, ನಮ್ಮ ಬಾಯಿಗೆ ತಕ್ಕಂತೆ ಬದಲಿಸಿಕೊಳ್ಳಬೇಕಾ?

ಉತ್ತರ: ಮೊದಲ ಸಲ ಹೇಳಿದ ಹಾಗೇ ಮಾಡಿ. ಎರಡನೇ ಸಲದಿಂದ ಬದಲಿಸಿ. ಆದರೆ ‘ಹೇಳಿದ ಹಾಗೆ’ ಅಂದರೆ ಏನು ಅನ್ನುವುದರಲ್ಲೇ ಇರುವುದು ಎಲ್ಲಾ ತಾಪತ್ರಯ. ನೀವು ಹನ್ನೆರಡು ಮೆಣಸಿನಕಾಯಿ ಹಾಕಿದ್ದೀರಿ, ನಿಜ. ನಿಮ್ಮ ಗೆಳತಿ ಎಣಿಸಿದ ಹನ್ನೆರಡು ಮೆಣಸಿನಕಾಯಿ ಅವು ಅಲ್ಲ. ರೆಸಿಪಿ ಬರೆಯುವವರು ತಮ್ಮ ಮನೆಯ ಮೆಣಸಿನಕಾಯಿ, ತಮ್ಮ ಬಾಣಲೆ, ತಮ್ಮ ಊರಿನ ನೀರು, ತಮ್ಮ ಒಲೆಯ ಉರಿ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಅದನ್ನೆಲ್ಲ ಹೇಳಬೇಕು ಅಂತ ಅವರಿಗೆ ಹೊಳೆಯುವುದೇ ಇಲ್ಲ, ಯಾಕೆಂದರೆ ಅದು ಅವರ ಕಣ್ಣೆದುರಿಗೇ ಇದೆ. ಹೇಳದೇ ಬಿಟ್ಟದ್ದನ್ನು ಹುಡುಕಿಕೊಳ್ಳುವುದು ನಿಮ್ಮ ಕೆಲಸ. ನಿಮ್ಮ ಮೂರು ಅಡುಗೆಗಳೂ ಕೆಟ್ಟದ್ದು ಹೀಗೆ ಬಿಟ್ಟುಹೋದ ಕಡೆಯಲ್ಲೇ, ಹಾಗಾಗಿ ಒಂದೊಂದನ್ನೇ ನೋಡೋಣ.

ಸಾಂಬಾರಿನಿಂದ ಶುರು ಮಾಡೋಣ. ಉಡುಪಿ, ಮಂಗಳೂರು ಕಡೆ ಮನೆಗಳಲ್ಲಿ ಮೆಣಸಿನಕಾಯಿ ಅಂದರೆ ಸಾಮಾನ್ಯವಾಗಿ ಬ್ಯಾಡಗಿ. ಅವರು ಅದನ್ನು ಬಿಡಿಸಿ ಹೇಳುವುದಿಲ್ಲ. ಬ್ಯಾಡಗಿ ನಿಮಗೇನು ದೂರವಲ್ಲ, ಪಕ್ಕದ ಹಾವೇರಿ ಜಿಲ್ಲೆಯದು. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಸೀಮೆಯದೇ ಸರಕು ಅನ್ನುವ ಸರ್ಕಾರಿ ಮಾನ್ಯತೆಯೂ ಸಿಕ್ಕಿದೆ. ಆದರೆ ಅಂಗಡಿಯಲ್ಲಿ ‘ಒಣಮೆಣಸಿನಕಾಯಿ ಕೊಡಿ’ ಅಂದರೆ ಕೈಗೆ ಬರುವುದು ಗುಂಟೂರೋ, ಇನ್ಯಾವುದೋ ಹೈಬ್ರಿಡ್ಡೋ ಆಗಿರಬಹುದು. ಬ್ಯಾಡಗಿಯ ಕೆಲಸ ಮುಖ್ಯವಾಗಿ ಬಣ್ಣ ಮತ್ತು ಘಮ. ಗುಂಟೂರಿನದು ಖಾರ. ಹನ್ನೆರಡು ಬ್ಯಾಡಗಿಯಲ್ಲಿ ಸಾಂಬಾರು ಕೆಂಪಗೆ ಘಮ್ಮೆನ್ನುತ್ತದೆ, ಹನ್ನೆರಡು ಗುಂಟೂರಿನಲ್ಲಿ ಕಣ್ಣಲ್ಲಿ ನೀರು ಬರುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಬ್ಯಾಡಗಿಯ ಸಿಪ್ಪೆ ಸುಕ್ಕು ಸುಕ್ಕಾಗಿರುತ್ತದೆ, ಬಣ್ಣ ಗಾಢ ಕೆಂಪು. ಅದರಲ್ಲೂ ಎರಡು ಬಗೆ. ‘ಡಬ್ಬಿ’ ಗಿಡ್ಡಕ್ಕೆ ದಪ್ಪಗಿರುತ್ತದೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ‘ಕಡ್ಡಿ’ ಸಣ್ಣಗೆ ಉದ್ದಕ್ಕಿರುತ್ತದೆ, ಖಾರ ಸ್ವಲ್ಪ ಮೇಲು. ಗುಂಟೂರಿನ ಸಿಪ್ಪೆ ನುಣುಪು. ಬ್ಯಾಡಗಿ ಅಂತ ಹೇಳಿ ಕೊಟ್ಟರೂ ಸಿಪ್ಪೆ ನುಣ್ಣಗೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಅನುಮಾನ ಇದ್ದರೆ ಒಂದು ಕಾಯಿ ಮುರಿದು, ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ನಾರಿನ ಒಂದು ಚೂರು ನಾಲಿಗೆಗೆ ತಾಗಿಸಿ. ಖಾರ ಇರುವುದು ಅಲ್ಲಿ. ಬೀಜದಲ್ಲಿ ಖಾರ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬೀಜಕ್ಕೆ ಖಾರ ಹತ್ತುವುದು ಆ ನಾರಿನ ಸಹವಾಸದಿಂದ. ನಿಮ್ಮಲ್ಲಿ ಖಾರದ ಕಾಯಿಯೇ ಇದ್ದರೆ ಅದನ್ನು ಎರಡೋ ಮೂರೋ ಮಾತ್ರ ಹಾಕಿ, ಬಣ್ಣಕ್ಕೆ ಬ್ಯಾಡಗಿ ಬೇರೆ ತನ್ನಿ.

ಸಾಂಬಾರಿನಲ್ಲಿ ಇನ್ನೊಂದು ಕೇಳಬೇಕು: ಬೆಲ್ಲ ಹಾಕಿದಿರಾ? ಉಡುಪಿ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ, ತೆಂಗಿನಕಾಯಿ ಧಾರಾಳವಾಗಿ ರುಬ್ಬುತ್ತಾರೆ. ನಮ್ಮ ಬಯಲುಸೀಮೆಯ ಬಾಯಿಗೆ ‘ಸಾಂಬಾರಿಗೆ ಸಿಹಿ ಯಾಕೆ’ ಅನ್ನಿಸುತ್ತದೆ, ಅಲ್ವಾ? ಅದನ್ನು ಬಿಟ್ಟು, ಕಾಯಿಯನ್ನೂ ಅರ್ಧ ಮಾಡಿ, ಮೆಣಸಿನಕಾಯಿ ಮಾತ್ರ ಪೂರ್ತಿ ಹಾಕಿದರೆ ಖಾರ ತಲೆಗೆ ಏರದೆ ಇನ್ನೇನು. ಖಾರದ ಅಂಶ ಕರಗುವುದು ಎಣ್ಣೆಯಲ್ಲಿ, ಕೊಬ್ಬಿನಲ್ಲಿ. ಕಾಯಿಯ ಜಿಡ್ಡು ಅದನ್ನು ಮೆತ್ತಗೆ ಮಾಡುತ್ತದೆ, ಬೆಲ್ಲ ನಾಲಿಗೆಯನ್ನು ಸಮಾಧಾನ ಮಾಡುತ್ತದೆ. ಒಂದನ್ನು ತೆಗೆದರೆ ಇನ್ನೊಂದು ಲೆಕ್ಕವೂ ತಪ್ಪುತ್ತದೆ. ಮೊದಲ ಸಲ ಹಾಗೇ ಮಾಡಿ ಅಂದದ್ದು ಇದಕ್ಕೇ. ಅವರ ರುಚಿ ಹೇಗಿದೆ ಅಂತ ಒಮ್ಮೆಯಾದರೂ ತಿಂದು ನೋಡದೆ ಬದಲಿಸಿದರೆ ಏನನ್ನು ಬದಲಿಸಿದೆವು ಅಂತಲೇ ಗೊತ್ತಾಗಲ್ಲ.

ಈಗ ಬೇಳೆ. ವಿಶಲ್ ಎಣಿಸುವ ಪದ್ಧತಿ ನಮ್ಮ ಅಡುಗೆಮನೆಗಳಿಗೆ ಎಷ್ಟು ಒಗ್ಗಿಹೋಗಿದೆ ಅಂದರೆ, ಅದು ಹೊತ್ತಿನ ಅಳತೆಯೇ ಅಲ್ಲ ಅಂದರೆ ಜನ ನಂಬುವುದಿಲ್ಲ. ಕುಕ್ಕರಿನ ಒಳಗೆ ಒತ್ತಡ ಏರಿದಾಗ ಶಾಖ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಮೇಲಿನ ವೆಯ್ಟ್ ಎದ್ದು ಕೂಗುವುದು ಹೆಚ್ಚಾದ ಹಬೆಯನ್ನು ಹೊರಗೆ ಬಿಡಲಿಕ್ಕೆ ಮಾತ್ರ. ಉರಿ ಜೋರಾಗಿದ್ದರೆ ಪಟಪಟ ನಾಲ್ಕು ವಿಶಲ್ ಐದಾರು ನಿಮಿಷಕ್ಕೇ ಮುಗಿಯಬಹುದು. ಉರಿ ಸಣ್ಣಗಿದ್ದರೆ ಅದೇ ನಾಲ್ಕಕ್ಕೆ ಕಾಲು ಗಂಟೆ ಬೇಕಾಗಬಹುದು. ಕುಕ್ಕರ್ ಮೂರು ಲೀಟರಿನದಾ, ಐದು ಲೀಟರಿನದಾ, ಒಳಗೆ ಎಷ್ಟು ತುಂಬಿದ್ದೀರಿ, ಗ್ಯಾಸ್ಕೆಟ್ ಸಡಿಲವಾಗಿದೆಯಾ ಅನ್ನುವುದರ ಮೇಲೂ ಎಣಿಕೆ ಬದಲಾಗುತ್ತದೆ. ವಿಡಿಯೊದವರ ನಾಲ್ಕು ವಿಶಲ್ ನಿಮಗೆ ಏನನ್ನೂ ಹೇಳಿಲ್ಲ.

ನಿಮಿಷ ಎಣಿಸಿ. ಮೊದಲ ವಿಶಲ್ ಬಂದ ಕೂಡಲೇ ಉರಿ ಸಣ್ಣ ಮಾಡಿ, ಅಲ್ಲಿಂದ ಗಡಿಯಾರ ನೋಡಿ. ಅರ್ಧ ಗಂಟೆ ನೆನೆಸಿದ ತೊಗರಿಬೇಳೆಗೆ ಎಂಟು-ಹತ್ತು ನಿಮಿಷ, ನೆನೆಸದೇ ಇದ್ದರೆ ಹನ್ನೆರಡರಿಂದ ಹದಿನೈದು. ಆಮೇಲೆ ಆರಿಸಿ, ಹಬೆ ತಾನಾಗಿ ಇಳಿಯಲು ಬಿಡಿ. ಆ ಇಳಿಯುವ ಹೊತ್ತಿನಲ್ಲೂ ಬೇಳೆ ಬೇಯುತ್ತಲೇ ಇರುತ್ತದೆ. ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿದರೆ ಆ ಬೇಯುವಿಕೆ ತಪ್ಪುತ್ತದೆ.

ಇಷ್ಟು ಮಾಡಿಯೂ ಬೇಳೆ ಕರಗದಿದ್ದರೆ ನೀರಿನ ಮೇಲೆ ಅನುಮಾನ ಪಡಬೇಕು. ನಿಮ್ಮಲ್ಲಿ ಅಡುಗೆಗೆ ಬೋರ್‌ವೆಲ್ ನೀರು ಬಳಸುತ್ತೀರಾ? ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬೇಳೆಯ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಜೊತೆ ಇವು ಸೇರಿಕೊಂಡು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಎಷ್ಟು ಕೂಗಿಸಿದರೂ ಕಾಳು ಕಾಳಾಗೇ ಉಳಿಯುತ್ತದೆ. ಪರೀಕ್ಷೆ ಸುಲಭ. ಅರ್ಧ ಬಟ್ಟಲು ಬೇಳೆಯನ್ನು ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ ನೋಡಿ. ಆರ್‌ಓ ಯಂತ್ರದ ನೀರಾದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬರೀ ಕ್ಯಾಂಡಲ್ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ, ಅದು ನೆನಪಿರಲಿ. ಚಿಟಿಕೆ ಅಡುಗೆ ಸೋಡಾ ಹಾಕಿದರೂ ಬೇಳೆ ಕರಗುತ್ತದೆ. ಆದರೆ ಬಿ ಜೀವಸತ್ವಗಳಲ್ಲಿ ಒಂದಷ್ಟು ಹಾಳಾಗುತ್ತದೆ, ರುಚಿಯೂ ಸಾಬೂನು ಸಾಬೂನು. ನಾನಾಗಿ ಸೋಡಾ ಹಾಕಿ ಅನ್ನುವುದಿಲ್ಲ.

ಇನ್ನೊಂದು ಕಾರಣ ಹುಳಿ. ಈಗ ‘ಎಲ್ಲಾ ಒಟ್ಟಿಗೆ ಹಾಕಿ, ಕುಕ್ಕರ್ ಮುಚ್ಚಿ’ ಅನ್ನುವ ರೆಸಿಪಿಗಳು ಜಾಸ್ತಿ ಆಗಿವೆ. ಬೇಳೆ, ಟೊಮೆಟೊ, ಹುಣಸೆರಸ ಎಲ್ಲವೂ ಒಂದೇ ಸಲ. ಹುಳಿಯಲ್ಲಿ ಬೇಳೆ ಬೇಯಲು ಹಟ ಮಾಡುತ್ತದೆ. ಬೇಳೆ ಪೂರ್ತಿ ಬೆಂದ ಮೇಲೆ ಹುಳಿ ಹಾಕುವ ಹಳೇ ಕ್ರಮಕ್ಕೆ ಇದೇ ಅರ್ಥ. ಬೇಳೆ ಅಂಗಡಿಯಲ್ಲಿ ಎಷ್ಟು ದಿನ ಕೂತಿತ್ತು ಅನ್ನುವುದೂ ಮುಖ್ಯ. ಹಳೇ ಬೇಳೆ ಬೇಯಲು ಹೊತ್ತು ತಿನ್ನುತ್ತದೆ.

ಮೈಸೂರು ಪಾಕ್‌ಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕೆಂದರೆ ಅಳತೆ ಸರಿಯಿದ್ದೂ ಕೈಕೊಡುವ ತಿಂಡಿ ಇದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪ ಇದನ್ನು ಮಾಡಿದರು ಅಂತ ಹೇಳುತ್ತಾರೆ. ಇವತ್ತು ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತದೆ. ಒಂದು ಹಳೇ ತರಹದ್ದು: ಒಳಗೆ ಗೂಡು ಗೂಡು, ಮುರಿದರೆ ಪುಡಿಯಾಗುತ್ತದೆ. ಇನ್ನೊಂದು ತುಪ್ಪದಲ್ಲಿ ಮೆತ್ತಗೆ ಕರಗುವಂಥದ್ದು. ಎರಡೂ ಬೇರೆ ಬೇರೆ ತಿಂಡಿ ಅಂತಲೇ ತಿಳಿಯಿರಿ. ಮೆತ್ತನೆಯದಕ್ಕೆ ಹಿಟ್ಟನ್ನು ಮೊದಲೇ ಕರಗಿದ ತುಪ್ಪದಲ್ಲಿ ಗಂಟಿಲ್ಲದಂತೆ ಕಲಸಿಕೊಳ್ಳುತ್ತಾರೆ, ಬೇಗ ಇಳಿಸುತ್ತಾರೆ. ಗೂಡಿನದಕ್ಕೆ ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತಾರೆ. ನೀವು ಎರಡು ಕಡೆಯಿಂದ ಎರಡು ರೆಸಿಪಿ ನೋಡಿ, ಒಂದರ ಅಳತೆ, ಇನ್ನೊಂದರ ವಿಧಾನ ಹಿಡಿದಿರಬಹುದು ಅಂತ ನನ್ನ ಗುಮಾನಿ. ಮೊದಲು ಯಾವುದು ಬೇಕು ಅಂತ ತೀರ್ಮಾನ ಮಾಡಿ.

ಗೂಡಿನದು ಬೇಕು ಅಂದುಕೊಳ್ಳಿ. ಒಂದು ಬಟ್ಟಲು ಕಡಲೆಹಿಟ್ಟು, ಎರಡು ಬಟ್ಟಲು ಸಕ್ಕರೆ, ಎರಡರಿಂದ ಎರಡೂವರೆ ಬಟ್ಟಲು ತುಪ್ಪ. ಸಕ್ಕರೆ ಮುಳುಗುವಷ್ಟು ನೀರು. ಇಲ್ಲಿ ‘ಎಂಟು ನಿಮಿಷ ಕುದಿಸಿ’ ಅಂತ ಬರೆದಿದ್ದರೆ ಅದನ್ನು ಮರೆತುಬಿಡಿ. ಬಾಣಲೆ ಅಗಲವಾಗಿದ್ದರೆ ನೀರು ಬೇಗ ಆರುತ್ತದೆ, ಕಿರಿದಾಗಿದ್ದರೆ ನಿಧಾನ. ನೋಡಬೇಕಾದ್ದು ಎಳೆ. ಸೌಟಿನಿಂದ ಒಂದು ಹನಿ ತಟ್ಟೆಗೆ ಬಿಡಿ, ಸುಡದಷ್ಟು ಆರಲಿ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಮೆಲ್ಲಗೆ ಬಿಡಿಸಿ. ಒಂದೇ ಒಂದು ಎಳೆ ಎದ್ದು ಬೆರಳಿನ ನಡುವೆ ನಿಂತರೆ ಪಾಕ ಬಂತು. ಎಳೆ ಎದ್ದ ಹಾಗೆ ಮಾಡಿ ತಟ್ಟನೆ ಕಡಿದರೆ ಇನ್ನೂ ಬಂದಿಲ್ಲ. ಎರಡು ಮೂರು ಎಳೆ ಕಂಡರೆ ದಾಟಿಹೋಯಿತು. ಎರಡು ಚಮಚ ಬಿಸಿನೀರು ಹಾಕಿ ಹಿಂದೆ ತನ್ನಿ, ಅದರಲ್ಲೇನೂ ನಷ್ಟವಿಲ್ಲ.

ಥರ್ಮಾಮೀಟರ್ ಇದ್ದರೆ ಒಂದೆಳೆ ಪಾಕ ಸುಮಾರು 105 ಡಿಗ್ರಿಯ ಆಸುಪಾಸು. ಆದರೆ ಇದು ಸಮುದ್ರದ ಮಟ್ಟದ ಲೆಕ್ಕ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಿಮ್ಮ ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ 98ಕ್ಕೇ ಕುದಿಯುತ್ತದೆ. ಬೆಂಗಳೂರಿನಲ್ಲಿ 97. ಪಾಕದ ಲೆಕ್ಕವನ್ನೂ ಅಷ್ಟೇ ಡಿಗ್ರಿ ಇಳಿಸಿಕೊಳ್ಳಬೇಕು. ಎರಡು ಡಿಗ್ರಿ ಏನು ಮಹಾ ಅನ್ನಿಸಬಹುದು. ಪಾಕದಲ್ಲಿ ಎರಡು ಡಿಗ್ರಿ ಜಾಸ್ತಿ ಅಂದರೆ ಎಳೆ ದಾಟಿ ಮುಂದೆ ಹೋಗಿರುತ್ತದೆ.

ಎಳೆ ಬಂದ ಮೇಲೆ ಹಿಟ್ಟನ್ನು ಮಳೆ ಬಿದ್ದ ಹಾಗೆ ಉದುರಿಸುತ್ತಾ ಕೈಯಾಡಿಸಿ. ಪಕ್ಕದ ಒಲೆಯಲ್ಲಿ ತುಪ್ಪ ಹೊಗೆಯಾಡುವ ಮೊದಲಿನ ಬಿಸಿಯಲ್ಲಿರಲಿ. ಒಂದೊಂದು ಸೌಟು ಹುಯ್ದಾಗಲೂ ‘ಚರ್’ ಅನ್ನಬೇಕು, ಹಿಟ್ಟು ಉಕ್ಕಬೇಕು. ಪಾಕದ ನೀರು ಬಿಸಿ ತುಪ್ಪಕ್ಕೆ ತಾಗಿ ಹಬೆಯಾಗಿ ಏಳುವುದೇ ಆ ಉಕ್ಕು, ಗೂಡಾಗುವುದು ಅದರಿಂದ. ತುಪ್ಪ ಬೆಚ್ಚಗಿದ್ದರೆ ಉಕ್ಕುವುದಿಲ್ಲ, ಹಲ್ವ ಆಗುತ್ತದೆ. ನಿಮ್ಮ ಎರಡನೇ ಸಲ ಆದದ್ದು ಇದೇ ಇರಬೇಕು, ಇಲ್ಲವೇ ಎಳೆ ಬರುವ ಮೊದಲೇ ಹಿಟ್ಟು ಹಾಕಿದ್ದೀರಿ. ಹಸಿ ವಾಸನೆ ಹೋಗಿ, ಹುರಿದ ಘಮ ಬಂದು, ಹಿಟ್ಟು ತುಪ್ಪ ಕುಡಿಯುವುದು ನಿಲ್ಲಿಸಿ ಅಂಚಿನಲ್ಲಿ ಬಿಡತೊಡಗಿದ ಕ್ಷಣ ತಟ್ಟೆಗೆ ಸುರಿಯಬೇಕು. ‘ಒಲೆ ಆರಿಸಿ’ ಅಂತ ಬರೆದಿರುತ್ತಾರೆ, ಆದರೆ ದಪ್ಪ ತಳದ ಬಾಣಲೆಯಲ್ಲಿ ಒಲೆ ಆರಿಸಿದ ಮೇಲೂ ಬೇಯುತ್ತಲೇ ಇರುತ್ತದೆ. ತಟ್ಟೆ ಹುಡುಕುವಷ್ಟು ಹೊತ್ತಿನಲ್ಲಿ ಕಲ್ಲು. ತುಪ್ಪ ಸವರಿದ ತಟ್ಟೆ ಪಕ್ಕದಲ್ಲೇ ಇರಲಿ, ಬಿಸಿ ಆರುವ ಮೊದಲೇ ಗೆರೆ ಎಳೆದುಬಿಡಿ.

‘ಸ್ವಲ್ಪವೇ ಮಾಡಿ ನೋಡೋಣ’ ಅಂತ ಕಾಲು ಭಾಗ ಸಾಮಾನು ತಗೊಂಡು ಅದೇ ದೊಡ್ಡ ಬಾಣಲೆಯಲ್ಲಿ ಮಾಡುವವರು ತುಂಬಾ ಜನ. ಸ್ವಲ್ಪ ಮಾಡುವುದು ಜಾಣತನವೇ. ಆದರೆ ಬಾಣಲೆಯೂ ಚಿಕ್ಕದಾಗಬೇಕು. ದೊಡ್ಡದರಲ್ಲಿ ಪಾಕ ತೆಳ್ಳಗೆ ಹರಡಿ ಕಣ್ಣು ಮಿಟುಕಿಸುವುದರಲ್ಲಿ ದಾಟುತ್ತದೆ. ಪಾಯಸ, ಗೊಜ್ಜು, ಪಲ್ಯಕ್ಕೂ ಇದೇ ಮಾತು. ಉಲ್ಟಾ ಕಡೆಯೂ ಅಷ್ಟೇ: ನಾಲ್ಕು ಜನರ ಅಳತೆಯನ್ನು ಹದಿನಾರು ಜನರಿಗೆ ಮಾಡುವಾಗ ನೀರು ನಾಲ್ಕು ಪಟ್ಟು ಬೇಕಾಗುವುದಿಲ್ಲ, ಖಾರ ಉಪ್ಪನ್ನೂ ಮೂರು ಪಟ್ಟಿಗೆ ನಿಲ್ಲಿಸಿ ರುಚಿ ನೋಡಬೇಕು.

ಅಳತೆಯ ಮಾತು ಬಂತಲ್ಲ, ‘ಕಪ್’ ಅನ್ನುವುದೂ ನಂಬುವ ಸರಕಲ್ಲ. ಅಮೆರಿಕದಲ್ಲಿರುವ ನಮ್ಮವರು ಹಾಕುವ ರೆಸಿಪಿಗಳ ಕಪ್ 237 ಮಿಲಿಲೀಟರ್. ಮೆಟ್ರಿಕ್ ಕಪ್ 250. ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಕಪ್ ಸಾಮಾನ್ಯವಾಗಿ 180. ನಮ್ಮ ಅಡುಗೆಮನೆಯಲ್ಲಿ ಕಪ್ ಅಂದರೆ ಕಾಫಿ ಕುಡಿಯುವ ಯಾವುದಾದರೂ ಒಂದು. ಎಲ್ಲಾ ಸಾಮಾನನ್ನೂ ಒಂದೇ ಬಟ್ಟಲಿನಲ್ಲಿ ಅಳೆಯುವವರೆಗೆ ತೊಂದರೆಯಿಲ್ಲ. ಒಂದು ಕಪ್‌ನಲ್ಲಿ, ಇನ್ನೊಂದು ಗ್ರಾಮಿನಲ್ಲಿ ಕೊಟ್ಟಾಗ ಎಡವಟ್ಟಾಗುತ್ತದೆ. ಮೈದಾವನ್ನು ಹಗುರಾಗಿ ತುಂಬಿದರೆ ಕಪ್‌ಗೆ 120 ಗ್ರಾಂ, ಒತ್ತಿ ತುಂಬಿದರೆ 150. ಕೇಕು ಮಾಡುವವರ ಅರ್ಧ ಗೋಳು ಇಲ್ಲೇ ಇದೆ.

ಕೆಲವೇ ನೂರು ರೂಪಾಯಿಗೆ ಡಿಜಿಟಲ್ ತಕ್ಕಡಿ ಸಿಗುತ್ತದೆ. ಹೊಸ ಅಡುಗೆ ಮಾಡುವ ಹುಚ್ಚಿದ್ದವರು ನಾನ್‌ಸ್ಟಿಕ್ ತವಾಗಿಂತ ಮೊದಲು ಇದನ್ನು ತಗೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಅದರ ಮೇಲೆ ನಿಮ್ಮ ಮನೆಯ ಲೋಟ, ಬಟ್ಟಲು, ಅತ್ತೆಯವರ ಕಾಲದ ಪಾವು ಇಟ್ಟು ನೀರು ತುಂಬಿಸಿ ತೂಗಿ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿಲೀಟರ್. ಯಾವ ಪಾತ್ರೆ ಎಷ್ಟು ಹಿಡಿಯುತ್ತದೆ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ‘ನಿಂಬೆ ಗಾತ್ರದ ಹುಣಸೆಹಣ್ಣು’ ಕೂಡ ಒಮ್ಮೆ ತೂಗಿ ನೋಡಿ. ಒಬ್ಬರ ನಿಂಬೆ 20 ಗ್ರಾಂ ಆದರೆ ಇನ್ನೊಬ್ಬರದು 35 ಇರುತ್ತದೆ. ಹೊಸ ಹುಣಸೆಗೂ ಕಪ್ಪಗಾದ ಹಳೇ ಹುಣಸೆಗೂ ಹುಳಿಯಲ್ಲಿ, ಬಣ್ಣದಲ್ಲಿ ವ್ಯತ್ಯಾಸ. ಉಪ್ಪೂ ಅಷ್ಟೇ: ಒಂದು ಚಮಚ ಪುಡಿ ಉಪ್ಪು ಒಂದು ಚಮಚ ಕಲ್ಲುಪ್ಪಿಗಿಂತ ಜಾಸ್ತಿ ತೂಗುತ್ತದೆ, ಕಲ್ಲುಪ್ಪಿನಲ್ಲಿ ಸಂದು ಜಾಸ್ತಿ.

ಒಲೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೋಟೆಲಿನ ಉರಿಯ ಮುಂದೆ ಮನೆಯ ಬರ್ನರ್ ಏನೂ ಅಲ್ಲ. ಗೋಬಿ ಮಂಚೂರಿ ಮನೆಯಲ್ಲಿ ನೀರು ಬಿಡುವುದು ಅದಕ್ಕೇ. ಒಂದೇ ಸಲ ಎಲ್ಲಾ ಸುರಿಯದೆ ಎರಡು ಮೂರು ಕಂತಿನಲ್ಲಿ ಬಾಡಿಸಿ. ಹೋಟೆಲಿನ ಕೆಂಪು ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಆ ಕೆಂಪು ಬಣ್ಣದ ಪುಡಿಯದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವೇ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ನೆನೆಸಿ ರುಬ್ಬಿದ ಬ್ಯಾಡಗಿ ಸಾಕು. ನಿಮ್ಮೂರಿನ ಬೆಣ್ಣೆ ದೋಸೆಯನ್ನು ಬೆಂಗಳೂರಿನವರು ಮನೆಯಲ್ಲಿ ಮಾಡಿ ‘ಹಿಟ್ಟು ಅದೇ, ರುಚಿ ಇಲ್ಲ’ ಅನ್ನುತ್ತಾರಲ್ಲ, ಅವರ ತವಾ ತೆಳ್ಳಗಿರುತ್ತದೆ. ಹೋಟೆಲಿನ ದಪ್ಪ ಕಬ್ಬಿಣದ ಕಲ್ಲು ಹಿಟ್ಟು ಬಿದ್ದರೂ ಬಿಸಿ ಬಿಟ್ಟುಕೊಡುವುದಿಲ್ಲ. ‘ರಾತ್ರಿ ಇಡೀ ಹುದುಗಿಸಿ’ ಅನ್ನುವ ಮಾತೂ ಹೀಗೇ. ಮಂಗಳೂರಿನ ರಾತ್ರಿ ಬೇರೆ, ಡಿಸೆಂಬರಿನ ಬೆಂಗಳೂರಿನ ರಾತ್ರಿ ಬೇರೆ. ಹಿಟ್ಟು ಉಬ್ಬಿ, ಮೇಲೆ ಗುಳ್ಳೆ ಕಂಡು, ಹುಳಿ ವಾಸನೆ ಬರುವವರೆಗೆ ಅಂತ ಓದಿಕೊಳ್ಳಿ.

ಎಲ್ಲಾ ತಪ್ಪೂ ನಮ್ಮದೇ ಅಂತಲೂ ಅಂದುಕೊಳ್ಳಬೇಡಿ. ಕೆಟ್ಟ ರೆಸಿಪಿಗಳೂ ಬೇಕಾದಷ್ಟಿವೆ. ಬರೆದವರು ಒಮ್ಮೆಯೂ ಮಾಡಿ ನೋಡಿಲ್ಲ ಅಂತ ಓದುವಾಗಲೇ ಗೊತ್ತಾಗುತ್ತದೆ. ಸಾಮಾನಿನ ಪಟ್ಟಿಯಲ್ಲಿ ಇಂಗು ಇರುತ್ತದೆ, ವಿಧಾನದಲ್ಲಿ ಎಲ್ಲೂ ಹಾಕುವುದಿಲ್ಲ. ಮೂರು ಈರುಳ್ಳಿ ಐದು ನಿಮಿಷದಲ್ಲಿ ಕಂದು ಬಣ್ಣಕ್ಕೆ ಬರುತ್ತದೆ ಅನ್ನುತ್ತಾರೆ. ಮಧ್ಯಮ ಉರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷಕ್ಕೆ ಮೊದಲು ಅದು ಆಗದ ಮಾತು. ಇಂಥದ್ದು ಕಂಡರೆ ಮುಂದೆ ಹೋಗಿ. ಇಷ್ಟವಾದ ಅಡುಗೆಯದ್ದು ಮೂರು ಬೇರೆ ಬೇರೆ ಕಡೆಯ ರೆಸಿಪಿ ಪಕ್ಕಪಕ್ಕ ಇಟ್ಟು ಓದಿ. ಮೂರರಲ್ಲೂ ಇರುವುದು ಆ ಅಡುಗೆಗೆ ಬೇಕೇ ಬೇಕಾದ್ದು. ಒಂದರಲ್ಲಿ ಮಾತ್ರ ಇರುವುದು ಆ ಮನೆಯ ಇಷ್ಟ. ವಿಡಿಯೊ ಆದರೆ ಮಾತು ಕೇಳುವುದಕ್ಕಿಂತ ಬಾಣಲೆ ನೋಡಿ. ಗುಳ್ಳೆ ದೊಡ್ಡದಾ ಚಿಕ್ಕದಾ, ಮಸಾಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟಿದೆಯಾ, ಸೌಟು ಎತ್ತಿದಾಗ ಹೇಗೆ ಬೀಳುತ್ತಿದೆ. ಹೊತ್ತನ್ನು ಅವರು ಕತ್ತರಿಸಿ ತೆಗೆದಿರುತ್ತಾರೆ, ಬಾಣಲೆ ಮಾತ್ರ ಸುಳ್ಳು ಹೇಳಲ್ಲ.

ಎರಡನೇ ಸಲ ಬದಲಿಸಿ ಅಂದೆ. ಯಾವುದನ್ನು? ಖಾರ, ತರಕಾರಿ, ಒಗ್ಗರಣೆ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಇವನ್ನು ಧೈರ್ಯವಾಗಿ ಬದಲಿಸಿ. ಪಾಕದ ಸಕ್ಕರೆ, ಕೇಕಿನ ಸೋಡಾ, ಉಪ್ಪಿನಕಾಯಿಯ ಉಪ್ಪು, ಇವನ್ನು ಮುಟ್ಟಬೇಡಿ. ಮಾವನವರಿಗೆ ಬಿಪಿ ಅಂತ ಉಪ್ಪಿನಕಾಯಿಗೆ ಉಪ್ಪು ಕಮ್ಮಿ ಹಾಕಿದರೆ ಅದು ಬೂಷ್ಟು ಹಿಡಿಯುತ್ತದೆ. ಉಪ್ಪು ಸರಿಯಾಗಿ ಹಾಕಿ, ಅವರ ತಟ್ಟೆಗೆ ಬಡಿಸುವುದನ್ನು ಕಮ್ಮಿ ಮಾಡಿ. ನೋಡಲು ಸಣ್ಣದು ಅನ್ನಿಸುವ ಬದಲಾವಣೆಯೂ ಕೆಲವೊಮ್ಮೆ ಕೆಡಿಸುತ್ತದೆ. ಶಾವಿಗೆ ಪಾಯಸಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದಿರಿ ಅಂದುಕೊಳ್ಳಿ. ಬೆಲ್ಲದಲ್ಲಿ ಹುಳಿಯ ಅಂಶ ಇರುವುದರಿಂದ ಕುದಿಯುವ ಹಾಲು ಒಡೆಯುತ್ತದೆ. ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ, ಪಾಯಸ ಒಲೆಯಿಂದ ಇಳಿಸಿ ಬಿಸಿ ಇಳಿದ ಮೇಲೆ ಸೇರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಐದು ಬದಲಿಸಿದರೆ ಚೆನ್ನಾಗಿ ಬಂದರೂ ಕಾರಣ ಗೊತ್ತಾಗಲ್ಲ, ಕೆಟ್ಟರೂ ಗೊತ್ತಾಗಲ್ಲ.

ಬರೆದಿಟ್ಟುಕೊಳ್ಳುತ್ತೇನೆ ಅಂದಿರಿ, ಒಳ್ಳೇದು. ಆದರೆ ಅವರು ಹೇಳಿದ್ದರ ಪಕ್ಕದಲ್ಲಿ ನೀವು ಮಾಡಿದ್ದನ್ನೂ ಬರೆಯಿರಿ. ‘ಡಬ್ಬಿ ಮೆಣಸಿನಕಾಯಿ 8. ಕುಕ್ಕರ್ ಐದು ಲೀಟರಿನದು, ಸಣ್ಣ ಉರಿಯಲ್ಲಿ 10 ನಿಮಿಷ, ಫಿಲ್ಟರ್ ನೀರು. ಹುಳಿ ಸ್ವಲ್ಪ ಮುಂದು. ಮಕ್ಕಳು ತಿಂದರು.’ ಇಷ್ಟು ಸಾಕು. ಮುಂದಿನ ಸಲ ಗೆಳತಿಯ ರೆಸಿಪಿ ಓದುವುದೇ ಬೇಡ, ಈ ಎರಡು ಸಾಲು ಓದಿದರೆ ಆಯಿತು.

ಇನ್ನು ಅತ್ತೆಯವರು. ದಂಡ ಅನ್ನುವುದರಲ್ಲಿ ಅವರ ತಪ್ಪೇನಿಲ್ಲ, ಎರಡು ಬಟ್ಟಲು ತುಪ್ಪ ಕಲ್ಲಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ರೆಸಿಪಿಯಲ್ಲಿ ಬಿಟ್ಟುಹೋದದ್ದು ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೇ. ಜೋಳದ ರೊಟ್ಟಿಗೆ ಎಷ್ಟು ಬಿಸಿನೀರು ಅಂತ ಅವರನ್ನು ಕೇಳಿ ನೋಡಿ, ಅಳತೆ ಹೇಳಲಿಕ್ಕಿಲ್ಲ. ಹಿಟ್ಟು ಮುಟ್ಟಿ ‘ಇದು ಹಳೇದಾಗಿದೆ, ಜಿಗಿ ಇಲ್ಲ, ನೀರು ಇನ್ನೂ ಕುದಿಯಲಿ’ ಅಂದುಬಿಡುತ್ತಾರೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಕುದಿನೀರು ಬಿದ್ದು ಪಿಷ್ಟ ಬೆಂದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ಕಾರಣವನ್ನು ಅವರು ಹೀಗೆ ಹೇಳದೇ ಇರಬಹುದು, ಕೈಗೆ ಗೊತ್ತಿದೆ. ಅದೇ ಮೂಗನ್ನು, ಅದೇ ಕೈಯನ್ನು ನಿಮ್ಮ ಹೊಸ ಅಡುಗೆಗೂ ಕೇಳಿಕೊಳ್ಳಿ. ಕಡಲೆಹಿಟ್ಟಿನ ಹಸಿ ವಾಸನೆ ಹೋಯಿತಾ ಅಂತ ಕರೆದು ಕೇಳಿ. ಒಲೆ ಪಕ್ಕ ನಿಂತು ಹೌದು-ಇಲ್ಲ ಅಂದವರು ಊಟಕ್ಕೆ ಕೂತಾಗ ಹೆಸರಿಡುವುದು ಕಮ್ಮಿ.

ಹೊಸದನ್ನು ಹಬ್ಬದ ದಿನ, ನೆಂಟರು ಬಂದ ದಿನ ಮಾಡಬೇಡಿ. ವಾರದ ಮಧ್ಯೆ, ಮಾಮೂಲಿ ಅನ್ನ-ಸಾರಿನ ಪಕ್ಕದಲ್ಲಿ ಒಂದು ಬಟ್ಟಲು ಮಾತ್ರ. ಕೆಟ್ಟರೂ ಯಾರೂ ಉಪವಾಸ ಇರಲ್ಲ. ‘ಹೇಗಿದೆ?’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ. ಉಪ್ಪು ಮುಂದಾ, ಹುಳಿ ಸಾಲದಾ, ಖಾರ ಜಾಸ್ತಿಯಾ ಅಂತ ಬಿಡಿಸಿ ಕೇಳಿ. ಮಕ್ಕಳು ಮೊದಲ ಸಲ ತಳ್ಳಿದರೆ ಅದೇ ಕೊನೆಯ ತೀರ್ಪಲ್ಲ. ಹೊಸ ರುಚಿ ಒಗ್ಗಲು ಎಂಟು-ಹತ್ತು ಸಲ ಕೂಡ ಬೇಕಾಗಬಹುದು. ಒತ್ತಾಯ ಮಾಡದೆ ಒಂದು ಚಮಚ ಬಡಿಸುತ್ತಿರಿ.

ದಂಡವಾದದ್ದಕ್ಕೂ ದಾರಿ ಇದೆ. ಖಾರವಾದ ಸಾಂಬಾರಿಗೆ ಆಲೂಗಡ್ಡೆ ಹಾಕಿದರೆ ಖಾರ ಹೀರುತ್ತದೆ ಅನ್ನುವುದು ಬರೀ ಮಾತು. ಇನ್ನಷ್ಟು ಬೆಂದ ಬೇಳೆ, ನುಣ್ಣಗೆ ರುಬ್ಬಿದ ಕಾಯಿ, ಒಂದು ಚೂರು ಬೆಲ್ಲ ಸೇರಿಸಿ ಕುದಿಸಿ, ಬಡಿಸುವಾಗ ತುಪ್ಪ. ಸಾಂಬಾರು ಜಾಸ್ತಿಯಾಗುತ್ತದೆ, ಮರುದಿನ ಬೆಳಿಗ್ಗೆ ಇಡ್ಲಿಗೆ ಆಗುತ್ತದೆ. ಹಲ್ವದಂತಾದ ಮೈಸೂರು ಪಾಕನ್ನು ಮತ್ತೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ತುಪ್ಪ ಬಿಡುವವರೆಗೆ ಕೈಯಾಡಿಸಿದರೆ ಗೂಡು ಬರದಿದ್ದರೂ ಬಿಲ್ಲೆ ಆಗುತ್ತದೆ. ಕಲ್ಲಾದದ್ದನ್ನು ಕುಟ್ಟಿ ಮಿಕ್ಸಿಯಲ್ಲಿ ಪುಡಿ ಮಾಡಿ, ಹುರಿದ ಕಡಲೆಹಿಟ್ಟು ಅರ್ಧ ಬಟ್ಟಲು, ಏಲಕ್ಕಿ, ಎರಡು ಚಮಚ ಬಿಸಿ ತುಪ್ಪ ಸೇರಿಸಿ ಉಂಡೆ ಕಟ್ಟಿ. ಉಂಡೆ ನಿಲ್ಲದಿದ್ದರೆ ತುಪ್ಪ ಸುರಿಯುತ್ತಾ ಹೋಗಬೇಡಿ, ಒಂದೊಂದೇ ಚಮಚ ಬಿಸಿ ಹಾಲು ಚಿಮುಕಿಸಿ. ಹಾಲು ಹಾಕಿದ ಉಂಡೆ ಎರಡು ದಿನದಲ್ಲಿ ಮುಗಿಸಬೇಕು.